ಕಾರಿನ ರಿಪೋರ್ಟ್ ಕ್ಲೀನ್ ಇದೆಯಾ? ಹಾಗಾದರೆ ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ

2023ರ ಜೂನ್. ಮಳೆ ಆಗಷ್ಟೇ ಹಿಡಿದುಕೊಂಡಿತ್ತು. ನನ್ನ ಕಾರಿನ ಎಡಗಡೆ ಕಿಟಕಿ ಯಾರೂ ಮುಟ್ಟದೆ ತಾನೇ ಕೆಳಗಿಳಿಯೋಕೆ ಶುರು ಮಾಡಿತು. ವಾರ ಕಳೆದ ಮೇಲೆ ಏರ್‌ಬ್ಯಾಗ್ ಲೈಟ್ ಹತ್ತಿಕೊಂಡಿತು, ಆರಲೇ ಇಲ್ಲ. ಒಂದು ಸಂಜೆ ಹೆಬ್ಬಾಳ ಫ್ಲೈಓವರ್ ಮೇಲೆ ಮೀಟರ್ ಬೋರ್ಡ್ ಪೂರ್ತಿ ಕತ್ತಲಾಯಿತು. ಹಿಂದಿನಿಂದ ಬಿಎಂಟಿಸಿ ಬಸ್ಸಿನ ಹಾರ್ನ್. ಕಾರು ತಗೊಂಡು ನಾಲ್ಕು ತಿಂಗಳಾಗಿತ್ತು ಅಷ್ಟೇ.

ಗ್ಯಾರೇಜಿಗೆ ತಗೊಂಡು ಹೋದೆ. ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತಲೇ ಇಲ್ಲ. ಹಿಂದಿನ ಬಾಗಿಲು ತೆಗೆದು, ಸೀಟ್ ಬೆಲ್ಟ್ ಹಿಡಿದು, ಕೊನೆ ಸಿಗುವವರೆಗೆ ಎಳೆದರು. ಮೇಲಿನ ಭಾಗ ಹೊಸದರ ಹಾಗೆ ಕಪ್ಪಗಿತ್ತು. ಸದಾ ಒಳಗೆ ಸುತ್ತಿಕೊಂಡೇ ಇರುವ ಭಾಗದಲ್ಲಿ ಮಾತ್ರ ಒಣಗಿದ ಕೆಸರಿನ ಕಂದು ಗೆರೆ.

‘ನೀರು ಕುಡಿದಿರೋ ಗಾಡಿ ಸರ್ ಇದು’ ಅಂದರು.

ನಾನು ಫೋನ್ ತೆಗೆದು ಪಿಡಿಎಫ್ ತೋರಿಸಿದೆ. ಕಾರು ಮಾರಿದ ಷೋರೂಮಿನವರು ಕೊಟ್ಟ ‘ವೆಹಿಕಲ್ ಹಿಸ್ಟರಿ ರಿಪೋರ್ಟ್’ ಅದು. ಅದರಲ್ಲಿ ಹಸಿರು ಟಿಕ್ ಮಾರ್ಕುಗಳ ಸಾಲು. ಮಾಲೀಕರು: ಒಬ್ಬರು. ಸಾಲ: ಇಲ್ಲ. ಅಪಘಾತ: ಇಲ್ಲ. ಪ್ರವಾಹ: ಇಲ್ಲ. ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ‘ಬೆಲ್ಟ್ ಸುಳ್ಳು ಹೇಳಲ್ಲ’ ಅಂದು ಚಹಾ ಹೇಳಿದರು.

ವರ್ಗಾವಣೆಯ ಕಾಗದಗಳಲ್ಲಿ ಹಿಂದಿನ ಮಾಲೀಕರ ಹೆಸರು, ವಿಳಾಸ ಇತ್ತು. ಹುಡುಕಿಕೊಂಡು ಹೋದೆ. ಬೆಳ್ಳಂದೂರಿನ ಕಡೆಯವರು. 2022ರ ಸೆಪ್ಟೆಂಬರ್ 4ರ ರಾತ್ರಿ ನೆನಪಿದೆಯಲ್ಲ? ಮರುದಿನ ಬೆಳಗ್ಗೆಯ ಲೆಕ್ಕಕ್ಕೆ 24 ಗಂಟೆಯಲ್ಲಿ 131.6 ಮಿಲಿಮೀಟರ್ ಮಳೆ, ಔಟರ್ ರಿಂಗ್ ರೋಡ್ ಕೆರೆಯಾಗಿತ್ತು, ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದರು. ಆವತ್ತು ಅವರ ಬೇಸ್‌ಮೆಂಟಿನಲ್ಲಿ ಈ ಕಾರು ಸ್ಟೀರಿಂಗ್‌ವರೆಗೂ ಮುಳುಗಿತ್ತಂತೆ. ‘ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಅಂತ ಸೆಟಲ್ ಮಾಡಿದ್ರು. ಗಾಡಿನ ಯಾರೋ ಟೋ ಮಾಡ್ಕೊಂಡು ಹೋದ್ರು. ಫಾರಂಗಳಿಗೆ ಸಹಿ ಹಾಕಿಸ್ಕೊಂಡಿದ್ರು. ಅದು ಇನ್ನೂ ಓಡ್ತಿದೆಯಾ?’ ಅಂತ ಆ ಮನುಷ್ಯ ನಿಜಕ್ಕೂ ಆಶ್ಚರ್ಯದಿಂದ ಕೇಳಿದರು.

ಓಡ್ತಿತ್ತು. ನಾನು 4 ಲಕ್ಷ 85 ಸಾವಿರ ಕೊಟ್ಟು ಓಡಿಸ್ತಿದ್ದೆ.

ಈ ಕಥೆಯಲ್ಲಿ ಷೋರೂಮಿನವರು ಮೋಸಗಾರರು ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ರಿಪೋರ್ಟ್ ಹಿಡಿದು ಕೂತು ಒಂದೊಂದೇ ಸಾಲು ನೋಡಿದಾಗ ಗೊತ್ತಾಗಿದ್ದು ಬೇರೆಯೇ. ಅದರಲ್ಲಿ ಯಾರೂ ಸುಳ್ಳು ಟೈಪ್ ಮಾಡಿರಲಿಲ್ಲ. ‘ಮಾಲೀಕರು: ಒಬ್ಬರು’ ಅನ್ನೋದು ಸರ್ಕಾರಿ ದಾಖಲೆ ಪ್ರಕಾರ ನಿಜ. ಮುಳುಗಿದ ಕಾರು ಗುಜರಿ ಹರಾಜಿನವರ ಕೈಗೆ ಹೋಯಿತು, ಅಲ್ಲಿಂದ ರಿಪೇರಿ ಮಾಡಿಸುವವರ ಕೈಗೆ, ಅಲ್ಲಿಂದ ಷೋರೂಮಿಗೆ. ಈ ಮಧ್ಯದ ಕೈಗಳೆಲ್ಲ ಸಹಿ ಹಾಕಿದ ಖಾಲಿ ಫಾರಂ 29 ಮತ್ತು 30 ಇಟ್ಟುಕೊಂಡೇ ವ್ಯವಹಾರ ಮಾಡಿದ್ದವು. ಆರ್‌ಟಿಓ ಕಂಪ್ಯೂಟರಿಗೆ ಗೊತ್ತಿದ್ದದ್ದು ಇಬ್ಬರೇ: ಬೆಳ್ಳಂದೂರಿನವರು, ಆಮೇಲೆ ನಾನು.

ಖಾಲಿ ಜಾಗ ಸೊನ್ನೆಯಾಗುವುದು ಹೇಗೆ

ಪತ್ರಿಕೋದ್ಯಮಕ್ಕೆ ಬರುವ ಮೊದಲು ನಾನು ಇಂಜಿನಿಯರಿಂಗ್ ಓದಿದವನು. ಐದನೇ ಸೆಮಿಸ್ಟರಿನ ಡೇಟಾಬೇಸ್ ಲ್ಯಾಬಿನಲ್ಲಿ ನಮ್ಮ ಮೇಡಂ ಒಂದು ಮಾತನ್ನು ಹೇಳಿ ಹೇಳಿ ತಲೆ ತಿಂದಿದ್ದರು: ‘ನಲ್ ಬೇರೆ, ಸೊನ್ನೆ ಬೇರೆ’. ಅಕೌಂಟಿನಲ್ಲಿ ಸೊನ್ನೆ ರೂಪಾಯಿ ಇದೆ ಅನ್ನೋದು ಒಂದು ಮಾಹಿತಿ. ಅಕೌಂಟಿನಲ್ಲಿ ಎಷ್ಟಿದೆ ಅಂತ ಯಾರೂ ತುಂಬಿಲ್ಲ ಅನ್ನೋದು ಮಾಹಿತಿಯ ಕೊರತೆ. ಎರಡನ್ನೂ ಒಂದೇ ಅಂತ ಕೋಡ್ ಬರೆದರೆ ವೈವಾದಲ್ಲಿ ಫೇಲ್. ಕಾರು ಮಾರುಕಟ್ಟೆಯಲ್ಲಿ ಮಾತ್ರ ಅದಕ್ಕೆ ಹಸಿರು ಟಿಕ್ ಸಿಗುತ್ತದೆ.

ದೇಶದ ಬಹುಪಾಲು ವಾಹನ ದಾಖಲೆ ಇರುವುದು ‘ವಾಹನ್’ ಎಂಬ ಡೇಟಾಬೇಸ್‌ನಲ್ಲಿ. ಕಟ್ಟಿದ್ದು ಎನ್‌ಐಸಿ, ತುಂಬಿಸುವುದು ರಾಜ್ಯಗಳ ಆರ್‌ಟಿಓಗಳು. ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಬರುವುದು ಇದೇ. ಮಾಡೆಲ್, ಇಂಧನ, ನೋಂದಣಿ ದಿನಾಂಕ, ಎಷ್ಟನೇ ಮಾಲೀಕರು, ಯಾವ ಬ್ಯಾಂಕಿನ ಸಾಲ, ಇನ್ಶೂರೆನ್ಸ್ ಎಲ್ಲಿವರೆಗೆ, ಎಮಿಷನ್ ಸರ್ಟಿಫಿಕೇಟ್ ಎಲ್ಲಿವರೆಗೆ. ಗಮನಿಸಿ, ಇದಿಷ್ಟೂ ತೆರಿಗೆ ವಸೂಲಿಗೆ, ಮಾಲೀಕ ಯಾರು ಅಂತ ಗೊತ್ತುಮಾಡಿಕೊಳ್ಳೋಕೆ, ದಂಡ ಹಾಕೋಕೆ ಬೇಕಾದ ಮಾಹಿತಿ. ಸರ್ಕಾರದ ಕಣ್ಣಿಗೆ ಕಾರು ಒಂದು ನಂಬರ್, ಒಂದು ಹೆಸರು, ಒಂದು ಕಾಲಾವಧಿ. ಅದು ಎಲ್ಲಿ ಗುದ್ದಿತು, ಎಷ್ಟು ಓಡಿತು, ಯಾವ ಕೆರೆಯಲ್ಲಿ ಮುಳುಗಿತು ಅಂತ ಕೇಳುವ ಕಾಲಂ ಆರ್‌ಸಿಯಲ್ಲಿ ಇಲ್ಲವೇ ಇಲ್ಲ.

ಇದರ ಮೇಲೆ ರಿಪೋರ್ಟ್ ಮಾರುವವರು ತಮ್ಮ ಕಡೆಯಿಂದ ಒಂದಿಷ್ಟು ಸೇರಿಸುತ್ತಾರೆ. ಒಪ್ಪಂದ ಇರುವ ಸರ್ವಿಸ್ ಸೆಂಟರುಗಳ ದಾಖಲೆ, ಸಿಕ್ಕರೆ ಇನ್ಶೂರೆನ್ಸ್ ವಿವರ, ತಮ್ಮ ಹುಡುಗರು ಮಾಡಿದ ತಪಾಸಣೆ. ಒಪ್ಪಂದ ಇಲ್ಲದ ಗ್ಯಾರೇಜಿನಲ್ಲಿ ನಗದು ಕೊಟ್ಟು ರಿಪೇರಿ ಮಾಡಿಸಿದ್ದರೆ ಅದು ಈ ಬಲೆಗೆ ಬೀಳುವುದೇ ಇಲ್ಲ. ಹುಡುಕಿದ ಕಡೆ ಏನೂ ಸಿಗದಿದ್ದಾಗ ಪ್ರಾಮಾಣಿಕವಾಗಿ ಬರೆಯಬೇಕಾದ್ದು ‘ನಮಗೆ ಮಾಹಿತಿ ಸಿಕ್ಕಿಲ್ಲ’ ಅಂತ. ಬರೆಯುವುದು ‘ಇಲ್ಲ’ ಅಂತ. ನನ್ನ ರಿಪೋರ್ಟಿನ ಕೊನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಈ ಮಾಹಿತಿಯ ನಿಖರತೆಗೆ ಸಂಸ್ಥೆ ಹೊಣೆಯಲ್ಲ ಅಂತಲೂ ಇತ್ತು. ಹಸಿರು ಟಿಕ್ ಮೊದಲ ಪುಟಕ್ಕೆ, ಹೊಣೆ ಕೊನೇ ಪುಟದ ಇರುವೆಗಳಿಗೆ.

ಗೊತ್ತಿರುವವರು ಇದ್ದಾರೆ

ಹಾಗಂತ ನನ್ನ ಕಾರು ಮುಳುಗಿದ್ದು ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ಸರ್ವೇಯರ್ ಫೋಟೋ ತೆಗೆದಿದ್ದರು. ಇನ್ಶೂರೆನ್ಸ್ ಕಂಪನಿ ಫೈಲ್ ಮಾಡಿತ್ತು. ರಿಪೇರಿ ಖರ್ಚು ಕಾರಿನ ವಿಮಾ ಮೌಲ್ಯದ, ಅಂದರೆ ಐಡಿವಿಯ, ಶೇ 75 ದಾಟಿದರೆ ಅದನ್ನು ಟೋಟಲ್ ಲಾಸ್ ಅಂತ ಲೆಕ್ಕ ಹಾಕಿ ಸೆಟಲ್ ಮಾಡುತ್ತಾರೆ. ಸಾಮಾನ್ಯ ವಿಮಾ ಕಂಪನಿಗಳ ಪಾಲಿಸಿ ಮತ್ತು ಕ್ಲೇಮ್ ಮಾಹಿತಿ ಸಂಗ್ರಹಿಸೋಕೆ ಅಂತಲೇ ವಿಮಾ ನಿಯಂತ್ರಕ ಐಆರ್‌ಡಿಎ 2009ರಲ್ಲಿ ಇನ್ಶೂರೆನ್ಸ್ ಇನ್ಫರ್ಮೇಷನ್ ಬ್ಯೂರೋ ಹುಟ್ಟುಹಾಕಿತು. ಅದು ಇರುವುದು ಹೈದರಾಬಾದಿನಲ್ಲಿ. ಅಂದರೆ ಮಾಹಿತಿ ಹುಟ್ಟುತ್ತದೆ, ಕೂಡಿಡಲ್ಪಡುತ್ತದೆ. ಕಾರು ಕೊಳ್ಳುವ ನನ್ನ, ನಿಮ್ಮ ಕೈಗೆ ಮಾತ್ರ ಸಿಗಲ್ಲ.

ಕಾನೂನು ಇಲ್ಲವಾ? ಇದೆ, ಅರ್ಧಂಬರ್ಧ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 55ರ ಪ್ರಕಾರ ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಸಲು ಬಾರದಂತಾದರೆ ಮಾಲೀಕ 14 ದಿನದೊಳಗೆ, ಅಥವಾ ಆದಷ್ಟು ಬೇಗ, ಆರ್‌ಟಿಓಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಈಗ ಹೇಳಿ, ನೀರಲ್ಲಿ ಮುಳುಗಿ ಎದ್ದ ಕಾರು ‘ಶಾಶ್ವತವಾಗಿ ಬಳಸಲು ಬಾರದ್ದಾ’? ವಿಮಾ ಲೆಕ್ಕದಲ್ಲಿ ಸತ್ತಿದೆ, ಮೆಕ್ಯಾನಿಕ್ ಲೆಕ್ಕದಲ್ಲಿ ಬದುಕಿಸಬಹುದು. ಈ ಸಂದಿಯಲ್ಲೇ ಒಂದು ಇಡೀ ವ್ಯಾಪಾರ ನಡೆಯುತ್ತದೆ. ಹರಾಜಿನಲ್ಲಿ ಅಗ್ಗಕ್ಕೆ ಎತ್ತಿ, ಕಾರ್ಪೆಟ್ ಬದಲಿಸಿ, ವೈರಿಂಗ್ ಒಣಗಿಸಿ, ಸುಗಂಧ ಹೊಡೆದು, ಪಕ್ಕದ ಊರಿಗೋ ರಾಜ್ಯಕ್ಕೋ ದಾಟಿಸುವುದು. ಅದಕ್ಕಿಂತ ಕೆಟ್ಟದ್ದೂ ಆಗುತ್ತದೆ: ನಜ್ಜುಗುಜ್ಜಾದ ಕಾರಿನ ಆರ್‌ಸಿ ಮತ್ತು ಚಾಸಿ ನಂಬರನ್ನು ಕದ್ದ ಕಾರಿಗೆ ಹಚ್ಚುವುದು. ಹೀಗೆ ‘ಪುನರ್ಜನ್ಮ’ ಪಡೆದ ಕಾರುಗಳನ್ನು ದೇಶದ ಹಲವು ಕಡೆ ಪೊಲೀಸರು ಹಿಡಿದಿದ್ದಾರೆ.

ಅಮೆರಿಕದಲ್ಲಿ ಈ ಸಂದಿ ಮುಚ್ಚೋಕೆ 1992ರಲ್ಲೇ ಕಾರು ಕಳ್ಳತನ ತಡೆ ಕಾಯ್ದೆ ಮಾಡಿದರು. ಅದರ ಅಡಿ ರಾಷ್ಟ್ರಮಟ್ಟದ ಟೈಟಲ್ ಮಾಹಿತಿ ವ್ಯವಸ್ಥೆ ಬಂತು. 2009ರಿಂದ ವಿಮಾ ಕಂಪನಿಗಳು, ಗುಜರಿ ಯಾರ್ಡ್‌ಗಳು ಟೋಟಲ್ ಲಾಸ್ ಆದ ವಾಹನಗಳ ಪಟ್ಟಿಯನ್ನು ತಿಂಗಳು ತಿಂಗಳು ಕೊಡಲೇಬೇಕು. ಕಾರಿನ ಟೈಟಲ್ ಪತ್ರದ ಮೇಲೇ ‘ಸಾಲ್ವೇಜ್’ ಅಂತ ಹಚ್ಚೆ ಬೀಳುತ್ತದೆ. ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಒಂದೊಂದು ರಾಜ್ಯದ್ದು ಒಂದೊಂದು ನಿಯಮ ಆದ್ದರಿಂದ ಹಚ್ಚೆ ಬಿದ್ದ ಕಾರನ್ನು ಸಡಿಲ ನಿಯಮದ ರಾಜ್ಯದಲ್ಲಿ ಮರುನೋಂದಣಿ ಮಾಡಿಸಿ ಹಚ್ಚೆ ಅಳಿಸುತ್ತಾರೆ. ಇದಕ್ಕೆ ‘ಟೈಟಲ್ ವಾಷಿಂಗ್’ ಅಂತ ಹೆಸರೇ ಇದೆ, ಬಟ್ಟೆ ಒಗೆದ ಹಾಗೆ. ಕಾರ್‌ಫ್ಯಾಕ್ಸ್‌ನಂಥ ದೊಡ್ಡ ಕಂಪನಿಯೂ ತನಗೆ ವರದಿಯಾದದ್ದನ್ನಷ್ಟೇ ತೋರಿಸಬಲ್ಲದು, ಎಲ್ಲವೂ ವರದಿಯಾಗುವುದಿಲ್ಲ. ಆದರೂ ಒಂದು ವ್ಯತ್ಯಾಸ ದೊಡ್ಡದು. ಅಲ್ಲಿ ಹೇಳಬೇಕಾದವರು ಯಾರು ಅಂತ ಕಾನೂನು ಬೆರಳು ತೋರಿಸಿದೆ. ನಮ್ಮಲ್ಲಿ ಆ ಬೆರಳೇ ಇಲ್ಲ.

ಹದಿನೈದು ವರ್ಷದ ಮೌನ

ಮೀಟರ್ ಇಳಿಸುವುದರ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತು. ಲ್ಯಾಪ್‌ಟಾಪ್, ಒಂದು ಕೇಬಲ್, ಅರ್ಧ ಗಂಟೆ. 1 ಲಕ್ಷ 40 ಸಾವಿರ ಕಿಲೋಮೀಟರ್ ಓಡಿದ ಕಾರು ಊಟದ ಹೊತ್ತಿಗೆ 52 ಸಾವಿರ ಆಗಿರುತ್ತದೆ. ಆಮೇಲೆ ಅದನ್ನು ಬಿಳಿ ಬೋರ್ಡಿನ ‘ಡಾಕ್ಟರ್ ಓಡಿಸಿದ ಗಾಡಿ’ ಅಂತ ಮಾರುತ್ತಾರೆ. (ಈ ಡಾಕ್ಟರುಗಳು ಎಷ್ಟು ಕಾರು ಇಟ್ಟುಕೊಂಡಿದ್ದಾರೋ.)

ರಿಪೋರ್ಟ್ ಇದನ್ನು ಯಾಕೆ ಹಿಡಿಯಲ್ಲ? ಹೋಲಿಸಿ ನೋಡೋಕೆ ಹಳೇ ರೀಡಿಂಗ್ ಬೇಕಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ತಪಾಸಣೆ ಕಡ್ಡಾಯ. ಆವತ್ತಿನ ಮೀಟರ್ ರೀಡಿಂಗ್ ಸರ್ಕಾರಿ ವೆಬ್‌ಸೈಟಿನಲ್ಲಿ ಉಚಿತವಾಗಿ ಯಾರು ಬೇಕಾದರೂ ನೋಡಬಹುದು. ಬೆಲ್ಜಿಯಂ 2006ರ ಕೊನೆಯಿಂದ ‘ಕಾರ್-ಪಾಸ್’ ತಂದಿತು: ಸರ್ವಿಸ್ ಮಾಡುವ ಗ್ಯಾರೇಜಿನಿಂದ ಹಿಡಿದು ಟೈರ್ ಬದಲಿಸುವ ಅಂಗಡಿವರೆಗೆ ಎಲ್ಲರೂ ರೀಡಿಂಗ್ ಕಳಿಸಬೇಕು, ಮಾರುವಾಗ ಆ ಚೀಟಿ ಕೊಡದಿದ್ದರೆ ಕೊಂಡವರು ವ್ಯವಹಾರವನ್ನೇ ರದ್ದು ಮಾಡಿಸಬಹುದು. ನಮ್ಮಲ್ಲಿ ಖಾಸಗಿ ಕಾರಿಗೆ ಮೊದಲ ಫಿಟ್‌ನೆಸ್ ತಪಾಸಣೆ ಬರುವುದು 15 ವರ್ಷಕ್ಕೆ, ಆರ್‌ಸಿ ನವೀಕರಣದ ಹೊತ್ತಿಗೆ. ಅಲ್ಲಿಯವರೆಗೆ ಮೀಟರನ್ನು ಸರ್ಕಾರ ಕಣ್ಣೆತ್ತಿ ನೋಡುವ ಕಡ್ಡಾಯ ಸಂದರ್ಭವೇ ಇಲ್ಲ. ಅಷ್ಟು ಹೊತ್ತಿಗೆ ಕಾರು ಮೂರು ಕೈ ದಾಟಿರುತ್ತದೆ.

ತಮಾಷೆ ಏನು ಗೊತ್ತಾ? 2022ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹಳೇ ಕಾರು ಡೀಲರುಗಳಿಗೆ ಹೊಸ ನಿಯಮ ತಂದಿತು, 2023ರ ಏಪ್ರಿಲ್ 1ರಿಂದ ಜಾರಿ. ಅಧಿಕೃತ ಡೀಲರ್ ಕೈಗೆ ಕಾರು ಬಂದಾಗಿನಿಂದ ಅದನ್ನು ಯಾರು, ಯಾಕೆ, ಎಷ್ಟು ಕಿಲೋಮೀಟರ್ ಓಡಿಸಿದರು ಅಂತ ಎಲೆಕ್ಟ್ರಾನಿಕ್ ಟ್ರಿಪ್ ರಿಜಿಸ್ಟರ್ ಇಡಬೇಕು. ಒಳ್ಳೇದೇ. ಆದರೆ ಕಾರಿನ ಬದುಕಿನಲ್ಲಿ ಕಿಲೋಮೀಟರ್ ಬರೆದಿಡಬೇಕು ಅಂತ ಸರ್ಕಾರಕ್ಕೆ ಹೊಳೆದದ್ದು ಅದು ಷೆಡ್ಡಿನಲ್ಲಿ ನಿಂತಿರುವ ಆ ಕೆಲವು ವಾರಗಳಿಗೆ ಮಾತ್ರ. ಅದೂ ಅಧಿಕೃತರಿಗೆ. ಬ್ರೋಕರ್ ಮೂಲಕ ಫುಟ್‌ಪಾತ್ ಮೇಲೆ ನಡೆಯುವ ವ್ಯಾಪಾರ ಈ ಲೆಕ್ಕಕ್ಕೆ ಸಿಗುವುದಿಲ್ಲ.

ಒಳ್ಳೇ ಕಾರಿಗೆ ಕೆಟ್ಟ ಹೆಸರು

ಇಲ್ಲಿವರೆಗೆ ಹೇಳಿದ್ದು ಕೆಟ್ಟ ಕಾರು ಒಳ್ಳೇದಾಗಿ ಕಾಣುವ ತಪ್ಪು. ಉಲ್ಟಾ ತಪ್ಪೂ ಇದೆ, ಅದರ ಬಗ್ಗೆ ಯಾರೂ ಮಾತಾಡಲ್ಲ, ಯಾಕೆಂದರೆ ಅದರಲ್ಲಿ ಕಳ್ಳ ಇಲ್ಲ.

ಹಾಸನದಲ್ಲಿರುವ ನಮ್ಮ ಸೋದರಮಾವ 2011ರಲ್ಲಿ ಸಾಲ ಮಾಡಿ ಕಾರು ತಗೊಂಡರು. 2016ರಲ್ಲಿ ಕೊನೇ ಕಂತು ಕಟ್ಟಿ, ಬ್ಯಾಂಕಿನಿಂದ ಬಂದ ಪತ್ರವನ್ನು ದೇವರ ಮುಂದಿಟ್ಟು, ಬೀರುವಿನೊಳಗೆ ಹಾಕಿದರು. ಮುಗೀತು ಅಂದುಕೊಂಡರು. ಆ ಪತ್ರದ ಜತೆ ಫಾರಂ 35 ತುಂಬಿ ಆರ್‌ಟಿಓಗೆ ಕೊಟ್ಟರೆ ಮಾತ್ರ ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. 2024ರಲ್ಲಿ ಮಾರೋಕೆ ಹೋದಾಗ ರಿಪೋರ್ಟಿನಲ್ಲಿ ಕೆಂಪು ಗುರುತು: ‘ಸಾಲ: ಇದೆ’. ಕೊಳ್ಳಲು ಬಂದವರು ಅಲ್ಲೇ 30 ಸಾವಿರ ಇಳಿಸಿದರು. ಬ್ಯಾಂಕಿಗೆ ಹೋದರೆ ಬ್ಯಾಂಕೇ ಇಲ್ಲ, ಬೇರೊಂದರಲ್ಲಿ ವಿಲೀನವಾಗಿದೆ. ಆ ಶಾಖೆಯೂ ಇಲ್ಲ. ಪಕ್ಕದ ಬೀದಿಯ ಶಾಖೆಯಲ್ಲಿ ಸೇರಿಹೋಗಿದೆ. ಹಳೇ ಫೈಲು ಹುಡುಕಲು ಎರಡು ತಿಂಗಳು.

ಇದು ಒಬ್ಬರ ಕಥೆ ಅಲ್ಲ ಅಂತ ಯಾಕೆ ಹೇಳುತ್ತೇನೆಂದರೆ, ಕರ್ನಾಟಕದ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳನ್ನೇ ನೋಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ದೊಡ್ಡ ಬ್ಯಾಂಕುಗಳಲ್ಲಿ ಕರಗಿದವು. ಬೋರ್ಡು ಇಳಿಯಿತು. ನಮ್ಮ ಮಾವನಂತೆ ಪತ್ರವನ್ನು ಬೀರುವಿನಲ್ಲಿಟ್ಟವರ ಆರ್‌ಸಿಯಲ್ಲಿ ಮಾತ್ರ ಇಲ್ಲದ ಬ್ಯಾಂಕಿಗೆ ಇಲ್ಲದ ಸಾಲ ಉಳಿದುಕೊಂಡಿರುತ್ತದೆ. ಮಾವ ಫೋನ್ ಮಾಡಿ ಬೈದರು: ‘ಏನೋ, ಅಷ್ಟು ಖರ್ಚು ಮಾಡಿ ಇಂಜಿನಿಯರಿಂಗ್ ಓದಿದ್ದೆ. ಕಂಪ್ಯೂಟರಿಂದ ಒಂದು ಹೆಸರು ಅಳಿಸಕ್ಕಾಗಲ್ವೇನೋ?’

ಆಗಲ್ಲ ಮಾವ. ಅಕ್ಷರ ತಪ್ಪಿದರೂ ಇದೇ ಪಾಡು. ಚಾಸಿ ನಂಬರ್, ಅಂದರೆ ವಿಐಎನ್, 17 ಅಕ್ಷರ-ಅಂಕಿಗಳದ್ದು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಒಂದು ಮತ್ತು ಸೊನ್ನೆಯ ಜತೆ ಗೊಂದಲ ಆಗಬಾರದು ಅಂತ. ಉತ್ತರ ಅಮೆರಿಕದಲ್ಲಿ ಒಂಬತ್ತನೇ ಸ್ಥಾನದ್ದು ಚೆಕ್ ಡಿಜಿಟ್. ಉಳಿದವುಗಳನ್ನು ಗುಣಿಸಿ ಕೂಡಿ 11ರಿಂದ ಭಾಗಿಸಿದರೆ ಬರುವ ಶೇಷ ಅಲ್ಲಿರಬೇಕು. ಗುಮಾಸ್ತ 8ರ ಬದಲು ಬಿ ಒತ್ತಿದರೆ ಸಾಮಾನ್ಯವಾಗಿ ಲೆಕ್ಕ ಹೊಂದಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಈ ಚೆಕ್ ಡಿಜಿಟ್ ಕಡ್ಡಾಯವಲ್ಲ. ಹಳೇ ರಿಜಿಸ್ಟರ್ ಪುಸ್ತಕಗಳಿಂದ ಕಂಪ್ಯೂಟರಿಗೆ ಏರಿಸುವಾಗ ಬೆರಳು ತಪ್ಪಿದ್ದರೆ ಅದು ಹಾಗೇ ಮಲಗಿರುತ್ತದೆ. 2019ರ ಏಪ್ರಿಲ್‌ಗೆ ಮುಂಚಿನ ವಾಹನಗಳಿಗೂ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಕಡ್ಡಾಯ ಅಂತ ಕರ್ನಾಟಕ 2023ರಲ್ಲಿ ಹೇಳಿದಾಗ ಬುಕಿಂಗ್ ಸೈಟಿನಲ್ಲಿ ‘ವಿವರ ಹೊಂದುತ್ತಿಲ್ಲ’ ಅಂತ ಸಿಕ್ಕಿಹಾಕಿಕೊಂಡವರಲ್ಲಿ ನೀವೂ ಇದ್ದಿರಬಹುದು. ಗಾಡಿ ನಿಮ್ಮ ಮನೆ ಮುಂದೆಯೇ ನಿಂತಿದೆ, ದಾಖಲೆಯಲ್ಲಿ ಅದು ಬೇರೆ ಗಾಡಿ.

ತಿದ್ದುವವರು ಯಾರು? ರಿಪೋರ್ಟ್ ಕಂಪನಿ ‘ವಾಹನ್‌ನಲ್ಲಿ ಇರೋದನ್ನೇ ತೋರಿಸ್ತೀವಿ’ ಅನ್ನುತ್ತದೆ. ವಾಹನ್ ಸಹಾಯವಾಣಿ ‘ನಿಮ್ಮ ಆರ್‌ಟಿಓಗೆ ಹೋಗಿ’ ಅನ್ನುತ್ತದೆ. ಆರ್‌ಟಿಓ ಕಿಟಕಿಯಲ್ಲಿ ‘ಬ್ಯಾಂಕಿನಿಂದ ತನ್ನಿ’. ಅಷ್ಟರಲ್ಲಿ ಹೊರಗೆ ನಿಂತ ಏಜೆಂಟ್ ನಿಮ್ಮ ಮುಖ ನೋಡಿಯೇ ರೇಟು ಹೇಳುತ್ತಾನೆ.

ಇದನ್ನು ನಿಮ್ಮ ಕ್ರೆಡಿಟ್ ಸ್ಕೋರ್ ಜತೆ ಹೋಲಿಸಿ. ಸಾಲದ ಇತಿಹಾಸ ಇಡುವ ಕಂಪನಿಗಳಿಗೆ 2005ರ ಕಾಯ್ದೆ ಇದೆ. ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಕೊಡಬೇಕು. ತಪ್ಪಿದೆ ಅಂತ ದೂರು ಕೊಟ್ಟು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು, 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಬ್ಯಾಂಕುಗಳಿಗೆ ಆ ಮಾಹಿತಿ ಬೇಕು, ಹಾಗಾಗಿ ಅದನ್ನು ಸರಿ ಇಡುವ ವ್ಯವಸ್ಥೆ ಬಂತು. ಕಾರಿನ ಮಾಹಿತಿ ಬೇಕಾಗಿರುವುದು ನಮಗೆ ಮಾತ್ರ.

ಯಾರ ಡೇಟಾ, ಯಾರ ದುಡ್ಡು

ಸರ್ಕಾರಕ್ಕೆ ಈ ಡೇಟಾದ ಬೆಲೆ ಗೊತ್ತಿಲ್ಲ ಅಂತ ಅಂದುಕೊಳ್ಳಬೇಡಿ. 2019ರ ಮಾರ್ಚಿನಲ್ಲಿ ಸಾರಿಗೆ ಸಚಿವಾಲಯ ವಾಹನ್ ಮಾಹಿತಿಯನ್ನು ಸಗಟಾಗಿ ಕೊಡುವ ನೀತಿ ತಂದಿತು. ವಾಣಿಜ್ಯ ಸಂಸ್ಥೆಗಳಿಗೆ ಶುಲ್ಕ 3 ಕೋಟಿ, ಶಿಕ್ಷಣ ಸಂಸ್ಥೆಗಳಿಗೆ 5 ಲಕ್ಷ. ಅದೇ ಜುಲೈನಲ್ಲಿ ನಿತಿನ್ ಗಡ್ಕರಿ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ, ವಾಹನ್ ಮತ್ತು ಲೈಸೆನ್ಸ್ ಮಾಹಿತಿಯ ‘ಸಾರಥಿ’ ಎರಡಕ್ಕೂ 87 ಖಾಸಗಿ ಕಂಪನಿಗಳು, 32 ಸರ್ಕಾರಿ ಸಂಸ್ಥೆಗಳಿಗೆ ಪ್ರವೇಶ ಇತ್ತು, ಬಂದ ಆದಾಯ 65 ಕೋಟಿ. ಖಾಸಗಿತನದ ಪ್ರಶ್ನೆ ಎದ್ದ ಮೇಲೆ 2020ರ ಜೂನ್‌ನಲ್ಲಿ ನೀತಿಯನ್ನು ಕೈಬಿಟ್ಟರು. ಕೈಬಿಟ್ಟಿದ್ದು ಸರಿಯೇ. ಯಾರ ಮನೆಯಲ್ಲಿ ಯಾವ ಗಾಡಿ ಇದೆ ಅನ್ನುವ ಪಟ್ಟಿ ಯಾರ ಕೈಗೆ ಸಿಕ್ಕರೆ ಏನಾಗುತ್ತದೆ ಅಂತ ಈ ದೇಶದಲ್ಲಿ ಬಿಡಿಸಿ ಹೇಳಬೇಕಿಲ್ಲ.

ನನ್ನ ಸಿಟ್ಟು ಇರೋದು ಈ ಎರಡರ ನಡುವಿನ ವಿಚಿತ್ರದ ಬಗ್ಗೆ. ಮುಚ್ಚಿಡಬೇಕಾದ್ದು ಮಾಲೀಕನ ಗುರುತು, ಅದನ್ನು ಮಾರಿದರು. ತೆರೆದಿಡಬೇಕಾದ್ದು ಕಾರಿನ ಆರೋಗ್ಯ, ಅದನ್ನು ಸಂಗ್ರಹಿಸಲೇ ಇಲ್ಲ. ಚಾಸಿ ನಂಬರಿನ ಎದುರು ‘ಟೋಟಲ್ ಲಾಸ್, 2022’ ಅಂತ ಒಂದು ಸಾಲು ಬಂದರೆ ಯಾರ ಖಾಸಗಿತನಕ್ಕೆ ಧಕ್ಕೆ? ಬೆಳ್ಳಂದೂರಿನವರ ಹೆಸರು ನನಗೆ ಬೇಕಿರಲಿಲ್ಲ. ಆ ಸಾಲು ಬೇಕಿತ್ತು. ಅದನ್ನು ವಿಮಾ ಕಂಪನಿ ಸೆಟಲ್‌ಮೆಂಟ್ ದಿನವೇ ವಾಹನ್‌ಗೆ ಕಳಿಸಬೇಕು ಅಂತ ಕಡ್ಡಾಯ ಮಾಡೋಕೆ ರಾಕೆಟ್ ವಿಜ್ಞಾನ ಬೇಡ. ಇನ್ಶೂರೆನ್ಸ್ ಮುಗಿಯುವ ದಿನಾಂಕ ಈಗಾಗಲೇ ವಾಹನ್‌ನಲ್ಲಿ ಕಾಣುತ್ತದೆ. ಆ ಪೈಪು ಇದೆ. ಅದರಲ್ಲಿ ಇನ್ನೊಂದು ಕಾಲಂ ಹರಿಸಬೇಕು ಅಷ್ಟೇ.

ಈ ಅರೆಬರೆ ದಾಖಲೆಯನ್ನೇ ಕೋರ್ಟು ಸತ್ಯ ಅಂತ ಹಿಡಿಯಬೇಕಾಗುತ್ತದೆ, ಅದೂ ಗೊತ್ತಿರಲಿ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಇಂಥದ್ದೇ ಒಂದು ಕಾರು. ಕೈಯಿಂದ ಕೈಗೆ ಹಲವು ಸಲ ದಾಟಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಇತ್ತು. ಅಪಘಾತವಾಯಿತು. ಪರಿಹಾರ ಕೊಡಬೇಕಾದ ‘ಮಾಲೀಕ’ ಯಾರು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಂದಿತು ಕೋರ್ಟು. ಗಾಯಗೊಂಡವರನ್ನು ಒಬ್ಬ ಮಾಲೀಕನಿಂದ ಇನ್ನೊಬ್ಬನ ಬಾಗಿಲಿಗೆ ಅಲೆಸಬಾರದು ಅನ್ನುವುದು ಅದರ ತರ್ಕ, ಆ ತರ್ಕ ಸರಿಯಾದದ್ದೇ. ಆದರೆ ಖಾಲಿ ಫಾರಂ 29ಕ್ಕೆ ಸಹಿ ಹಾಕಿ ಕೀ ಕೊಟ್ಟು ಬಂದವರು ಒಮ್ಮೆ ಯೋಚಿಸಿ. ನೀವು ಮಾರಿದ ಸ್ಕೂಟರ್ ಈಗ ಯಾವ ಊರಿನಲ್ಲಿ, ಯಾರ ಕೈಯಲ್ಲಿ ಇದೆ?

ಅಲ್ಲಿಯವರೆಗೆ ಏನು ಮಾಡೋಣ ಅಂತ ಕೇಳುವವರಿಗೆ ನಾನು ಕಲಿತದ್ದು ಇಷ್ಟು. ಮಾರುವವರ ಬಳಿ ಹಳೇ ಇನ್ಶೂರೆನ್ಸ್ ಪಾಲಿಸಿಯ ಪ್ರತಿ ಕೇಳಿ, ಅದರಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಅದು ಶೇ 20, 25, 35, 45, 50 ಅಂತ ಏರುತ್ತದೆ, ಕ್ಲೇಮ್ ಮಾಡಿದರೆ ಸೊನ್ನೆಗೆ ಬೀಳುತ್ತದೆ. ಐದು ವರ್ಷದ ಕಾರಿಗೆ ಬೋನಸ್ ಸೊನ್ನೆ ಇದ್ದರೆ ಯಾಕೆ ಅಂತ ಕೇಳಿ. ಬೋನಸ್ ಇದ್ದ ಮಾತ್ರಕ್ಕೆ ನಿರಾಳ ಆಗಬೇಡಿ, ಅದು ಕಾರಿನದ್ದಲ್ಲ, ಮನುಷ್ಯನದ್ದು. ಹಳೇ ಕಾರಿನಿಂದ ಹೊಸ ಕಾರಿಗೆ ತರಬಹುದು. ಆರ್‌ಟಿಓದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಕಂಪನಿ ಸರ್ವಿಸ್ ಸೆಂಟರಿಗೆ ಮಾರುವವರನ್ನೇ ಜತೆಗೆ ಕರಕೊಂಡು ಹೋಗಿ ಸರ್ವಿಸ್ ಹಿಸ್ಟರಿ ತೆಗೆಸಿ, ಪ್ರತಿ ಬಿಲ್ಲಿನಲ್ಲೂ ಕಿಲೋಮೀಟರ್ ಇರುತ್ತದೆ. ಬಾಕಿ ಟ್ರಾಫಿಕ್ ದಂಡ ನೋಡಿ. ಆಮೇಲೆ ನಿಮ್ಮದೇ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿ ಕೊಟ್ಟು ತೋರಿಸಿ. ಬೆಲ್ಟ್ ಪೂರ್ತಿ ಎಳೆಯಿರಿ, ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು ನೋಡಿ.

ನಾನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದೆ. 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ನಾಲ್ಕನೇ ತಾರೀಖಿನ ಹೊತ್ತಿಗೆ ಷೋರೂಮಿನವರು ರಾಜಿಗೆ ಬಂದು 1 ಲಕ್ಷ 60 ಸಾವಿರ ಕೊಟ್ಟರು, ಕಾರು ನೀವೇ ಇಟ್ಟುಕೊಳ್ಳಿ ಅಂದರು. ಹೋರಾಡುವ ಶಕ್ತಿ ಉಳಿದಿರಲಿಲ್ಲ, ಒಪ್ಪಿಕೊಂಡೆ.

ಈಗ ಆ ಕಾರನ್ನು ನಾನು ಮಾರಬೇಕು. ಮೊನ್ನೆ ಅದೇ ನಂಬರಿಗೆ ಇನ್ನೊಂದು ಆ್ಯಪ್‌ನಲ್ಲಿ ಹೊಸ ರಿಪೋರ್ಟ್ ತೆಗೆದೆ. ಅಪಘಾತ: ಇಲ್ಲ. ಪ್ರವಾಹ: ಇಲ್ಲ. ಎಲ್ಲ ಹಸಿರು. ಜಾಹೀರಾತಿನಲ್ಲಿ ‘2022ರಲ್ಲಿ ನೀರಿನಲ್ಲಿ ಮುಳುಗಿದ ಕಾರು, ವೈರಿಂಗ್ ಬದಲಿಸಲಾಗಿದೆ’ ಅಂತ ನಾನೇ ಬರೆದೆ. ಎರಡು ವಾರಕ್ಕೆ ಬಂದದ್ದು ಒಂದೇ ಕರೆ, ತುಮಕೂರಿನಿಂದ ಒಬ್ಬ ಹುಡುಗ.

‘ಅಣ್ಣ, ರಿಪೋರ್ಟ್ ತೆಗೆಸಿದೆ, ಅದ್ರಲ್ಲಿ ಏನೂ ಇಲ್ವಲ್ಲ’ ಅಂದ. ‘ನೀವ್ಯಾಕೆ ಹಿಂಗೆ ಹಾಕಿದೀರಾ?’